ಸ್ಪೈಡರ್‌ಮ್ಯಾನ್‌ಗೆ ಸೊಸೈಟಿಯ ಎನ್‌ಒಸಿ

ಮುಂಬಯಿಯಲ್ಲಿ ಗೋಡೆ ಹತ್ತುವುದೇನೂ ಮಹಾ ಅಲ್ಲ. ಹತ್ತಲು ಸೊಸೈಟಿ ಸೆಕ್ರೆಟರಿಯಿಂದ ಎನ್‌ಒಸಿ ತರುವುದು ಮಹಾ. 1962ರಿಂದ ನ್ಯೂಯಾರ್ಕಿನ ಕಟ್ಟಡಗಳನ್ನೆಲ್ಲ ಅಜ್ಜನ ಆಸ್ತಿಯ ಹಾಗೆ ಏರಿಳಿಯುತ್ತಿರುವ ಸ್ಪೈಡರ್‌ಮ್ಯಾನ್ ಒಂದು ಸಲ ಬೊರಿವಲಿಗೆ ಬಂದು ನೋಡಲಿ. ಗೇಟಿನಲ್ಲೇ ವಾಚ್‌ಮನ್ ಹಿಡಿದು ಹೆಸರು, ಮೊಬೈಲ್ ನಂಬರು, ಯಾರ ಫ್ಲ್ಯಾಟಿಗೆ, ಏನು ಕೆಲಸ ಎಂದು ರಿಜಿಸ್ಟರಿನಲ್ಲಿ ಬರೆಸುತ್ತಾನೆ. ಮುಖವಾಡದ ಗುಟ್ಟು ಅಲ್ಲಿಗೇ ಢಮಾರ್!

ಹಾಗಂತ ಅವನು ಬಾರದೆ ಉಳಿದಿಲ್ಲ. 2004ರಲ್ಲಿ ಗೋಥಮ್ ಕಾಮಿಕ್ಸ್‌ನವರು ಮಾರ್ವೆಲ್‌ನ ಒಪ್ಪಿಗೆ ಪಡೆದು, ಪೀಟರ್ ಪಾರ್ಕರನಿಗೆ ಪವಿತ್ರ ಪ್ರಭಾಕರ ಎಂದು ನಾಮಕರಣ ಮಾಡಿ, ಸೊಂಟಕ್ಕೆ ಧೋತರ ಸುತ್ತಿ ಮುಂಬಯಿಯಲ್ಲಿ ಇಳಿಸಿದರು. ಬೆನ್ ಅಂಕಲ್ ಭೀಮನಾದ, ಮೇ ಆಂಟಿ ಮಾಯಾ ಆದಳು, ಮೇರಿ ಜೇನ್ ಹೋಗಿ ಮೀರಾ ಜೈನ್ ಬಂದಳು. ಜೇಡ ಕಚ್ಚುವ ರಗಳೆಯಿಲ್ಲ. ಯೋಗಿಯೊಬ್ಬ ಪ್ರತ್ಯಕ್ಷನಾಗಿ ಶಕ್ತಿ ಕೊಟ್ಟ. ಹುಡುಗ ಹಳ್ಳಿಯವನು, ಸ್ಕಾಲರ್‌ಶಿಪ್ ಸಿಕ್ಕಿ ನಗರದ ದೊಡ್ಡ ಶಾಲೆಗೆ ಬಂದವನು. ಅವನ ಉಡುಪು ನೋಡಿ ಸಹಪಾಠಿಗಳು ಗೇಲಿ ಮಾಡುತ್ತಾರೆ.

ಈ ಕತೆ ಹೇಳಿದಾಗ ನಮ್ಮ ಪಕ್ಕದ ಫ್ಲ್ಯಾಟಿನ ಶೆಟ್ರು ಮೂಗು ಮುರಿದರು. “ಇದೆಂಥ ಹೊಸ ಕತೆ ಭಟ್ರೇ? ನಾನೂ ಹಳ್ಳಿಯಿಂದ ಬಂದವನೇ, ನನ್ನ ಚಡ್ಡಿ ನೋಡಿ ನಕ್ಕವರೂ ಇದ್ರು. ಆದ್ರೆ ನನಗೆ ಯಾವ ಯೋಗಿಯೂ ಸಿಗ್ಲಿಲ್ಲ ಮಾರಾಯ್ರೇ, ಕ್ಯಾಂಟೀನಿನ ಮೇಸ್ತ್ರಿ ಸಿಕ್ಕಿದ. ಅವ ಕೊಟ್ಟ ಶಕ್ತಿ ಅಂದ್ರೆ ಒಂದೇ ಕೈಯಲ್ಲಿ ಎಂಟು ಗ್ಲಾಸು ಹಿಡಿಯೋದು!” ಎಂಟು ಕಾಲಿನ ಜೇಡಕ್ಕೂ ಇದು ಬಾರದ ವಿದ್ಯೆ ಎಂದು ಒಪ್ಪಿಕೊಂಡೆ.

ಹೆಸರು ಬದಲಿಸುವ ಉಪಾಯ ಮುಂಬಯಿಗೆ ಹೊಸತೂ ಅಲ್ಲ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಇಂದ್ರಜಾಲ ಕಾಮಿಕ್ಸ್ ಶುರುಮಾಡಿದಾಗ ಫ್ಯಾಂಟಮ್‌ನ ಶತ್ರುಗಳಾದ ‘ಸಿಂಗ್’ ಕಡಲ್ಗಳ್ಳರು ‘ಸಿಂಗ’ರಾದರು; ನಮ್ಮ ಸಿಂಗರು ಮುನಿಸಿಕೊಂಡರೆ ಯಾರು ಸಮಾಧಾನ ಮಾಡುವುದು? ಅಲ್ಲೇ ಕಾಮಿಕ್ಸ್ ವ್ಯಾಪಾರದ ಪಾಠ ಕಲಿತ ನಮ್ಮ ಕಾರ್ಕಳದ ಅನಂತ ಪೈ ಮುಂದೆ ‘ಅಮರ ಚಿತ್ರಕಥೆ’ ಹೊರತಂದರು. ನಮ್ಮಲ್ಲಿ ಹನುಮಂತನಿರುವಾಗ ಹಾರುವವರನ್ನು ಆಮದು ಮಾಡಬೇಕೇ?

ಇರಲಿ, ಪವಿತ್ರನ ಕತೆ ಮುಂದುವರಿಯಲಿ. 2023ರಲ್ಲಿ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಬಂತು. ಅಲ್ಲಿ ಅವನದು ಮುಂಬಯಿ, ಮ್ಯಾನ್‌ಹಟನ್ ಎರಡನ್ನೂ ಬೆರೆಸಿದ ಮುಂಬ್ಯಾಟನ್. ಗೇಲಿಗೆ ತಲೆತಗ್ಗಿಸುತ್ತಿದ್ದ ಹಳ್ಳಿಹುಡುಗ ಎಲ್ಲಿ? ಈಗ ಕೂದಲು ಹಾರಿಸುತ್ತ, ಹೊರಗಿನವರಿಗೆ ಊರು ತೋರಿಸುತ್ತ, ಟ್ರಾಫಿಕ್ಕನ್ನೂ ಬ್ರಿಟಿಷರ ಲೂಟಿಯನ್ನೂ ಒಂದೇ ಉಸಿರಿನಲ್ಲಿ ಹಂಗಿಸುವ ಪೋರ. ಪ್ರೇಯಸಿಯ ಅಪ್ಪನೇ ಪೊಲೀಸ್ ಇನ್‌ಸ್ಪೆಕ್ಟರ್. ಬೇರೆ ವಿಲನ್ ಯಾಕೆ ಬೇಕು? ಹತ್ತೊಂಬತ್ತು ವರ್ಷಗಳಲ್ಲಿ ವಲಸೆ ಬಂದವ ಊರಿನವನಾದ. ಶೆಟ್ರ ಮನೆಯಲ್ಲೂ ಆದದ್ದು ಇದೇ ತಾನೇ? ಅವರ ಮಗ ಬಂಟ್ವಾಳಕ್ಕೆ ಹೋದರೆ ಮೂರನೇ ದಿನವೇ ವಾಪಸ್ ಟಿಕೆಟ್ ವಿಚಾರಿಸುತ್ತಾನೆ.

ಕಾಮಿಕ್ಸಿನಿಂದ ಸಿನಿಮಾ ಮಾಡುವುದೆಂದರೆ ಹೀಗೆ ಕಾಲಕ್ಕೆ ತಕ್ಕ ತಾಪತ್ರಯ ಹುಡುಕುವುದು. 1963ರ ಕಾಮಿಕ್ಸಿನಲ್ಲಿ ಐರನ್‌ಮ್ಯಾನ್ ಎದೆಗೆ ಚೂರು ಹೊಕ್ಕಿದ್ದು ವಿಯೆಟ್ನಾಮಿನಲ್ಲಿ. 2008ರ ಸಿನಿಮಾದಲ್ಲಿ ಅಫ್ಘಾನಿಸ್ತಾನದಲ್ಲಿ. ಎದೆ ಅದೇ, ಚೂರು ಅದೇ, ಯುದ್ಧ ಮಾತ್ರ ಬೇರೆ.

ಈ ಗುಟ್ಟು ಕಾಮಿಕ್ಸಿನ ಹಂಗಿಲ್ಲದೆಯೂ ನಮ್ಮವರಿಗೆ ಒಮ್ಮೊಮ್ಮೆ ಹೊಳೆದಿದೆ. 1987ರ ‘ಮಿಸ್ಟರ್ ಇಂಡಿಯಾ’ ಕಣ್ಣಿಗೆ ಕಾಣದಂತಾಗುವ ಮಹಾಶಕ್ತಿ ಪಡೆದು, ಕಾಳಿನಲ್ಲಿ ಕಲ್ಲು ಬೆರೆಸಿದ ಅಂಗಡಿಯವನಿಗೆ ಆ ಕಲ್ಲನ್ನೇ ತಿನ್ನಿಸಿದ. ರೇಷನ್ ಅಕ್ಕಿ ಆರಿಸಿದ ತಾಯಂದಿರಿಗೆ ಇನ್ನೆಂಥ ಹೀರೋ ಬೇಕು? 2018ರ ‘ಭಾವೇಶ್ ಜೋಶಿ’ ನೀರಿನ ಮಾಫಿಯಾದ ಬೆನ್ನುಹತ್ತಿದ. ಪಾಪ, ಸಿನಿಮಾ ಓಡಲಿಲ್ಲ. “ಓಡೋದು ಹೇಗೆ? ಟ್ಯಾಂಕರಿನವನ ಹತ್ರ ಜಗಳ ಮಾಡುವವ ಹೀರೋ ಅಲ್ಲ ಭಟ್ರೇ, ಬೆಳಿಗ್ಗೆ ಆರಕ್ಕೆ ಸರಿಯಾಗಿ ಟ್ಯಾಂಕರ್ ತರಿಸುವವ ಹೀರೋ” ಎಂದು ಶೆಟ್ರು ತೀರ್ಪು ಕೊಟ್ಟರು.

ಇನ್ನು 2011ರ ‘ರಾ.ಒನ್’ ನೋಡಿ. ಖರ್ಚಿಗೆ ಕೊರತೆಯಿಲ್ಲ, ಓಡುವ ಲೋಕಲ್ ಟ್ರೇನು, ಪುಡಿಯಾಗುವ ವಿ.ಟಿ. ಸ್ಟೇಷನ್ನು, ಎಲ್ಲ ಉಂಟು. 2004ರ ‘ಸ್ಪೈಡರ್‌ಮ್ಯಾನ್ 2’ರಲ್ಲೂ ಟ್ರೇನು ನಿಲ್ಲಿಸುವ ದೃಶ್ಯವಿದೆ. ಆದರೆ ಅಲ್ಲಿ ಟ್ರೇನು ನಿಲ್ಲಿಸುವವನು ಬಾಡಿಗೆ ಬಾಕಿ ಇರುವವನು, ಪಿಜ್ಜಾ ಹಂಚುವ ಕೆಲಸ ಕಳೆದುಕೊಂಡವನು. ಅದಕ್ಕೇ ಪ್ರಯಾಣಿಕರು ಅವನ ಮುಖ ಕಂಡರೂ ಯಾರಿಗೂ ಹೇಳುವುದಿಲ್ಲ. ನಮ್ಮ ಕಂಪ್ಯೂಟರ್ ಗೇಮಿನ ಹೀರೋಗೆ ಬಾಡಿಗೆಯೂ ಇಲ್ಲ, ಸಾಲವೂ ಇಲ್ಲ. ಮುಂಬಯಿಯಲ್ಲಿ ಇಎಂಐ ಇಲ್ಲದವನನ್ನು ಯಾರು ನಂಬುತ್ತಾರೆ?

ಆದ್ದರಿಂದ ಅಂಧೇರಿಯ ನಿರ್ಮಾಪಕ ಮಹಾಶಯರೇ, ಮುಂದಿನ ಸೂಪರ್‌ಹೀರೋನ ಡ್ರೆಸ್ಸಿಗೆ ದರ್ಜಿಯನ್ನು ಕರೆಯುವ ಮೊದಲು ವಿರಾರ್ ಲೋಕಲ್‌ನಲ್ಲೊಂದು ಸಲ ನಿಂತು ಹೋಗಿ, ಜನರ ಗೊಣಗಾಟ ಕೇಳಿ. ರೀಡೆವಲಪ್‌ಮೆಂಟ್ ಬಾಕಿ ಇದೆ, ಹಿಂದ್‌ಮಾತಾದ ಮಳೆನೀರು ಬಾಕಿ ಇದೆ. ಕತೆಗೇನೂ ಬರವಿಲ್ಲ, ಮುಖವಾಡ ಆಮೇಲೆ ಹೊಲಿಸಿದರಾಯಿತು.