ಕಾಂಪೌಂಡಿನಾಚೆಯ ಐರ್ಲೆಂಡ್

ನಮ್ಮ ಪಕ್ಕದ ಮನೆ ಮೇಷ್ಟ್ರು 2009ರಲ್ಲಿ ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಕಾರ್ಕ್‌ಗೆ ಹೋದವರು. ಬಾಣಂತನದಲ್ಲಿ ಗಂಡಸರಿಗೇನು ಕೆಲಸ? ಐರ್ಲೆಂಡಿನ ರಾಜಕೀಯವನ್ನೆಲ್ಲ ಅರೆದು ಕುಡಿದು ಬಂದರು. ನಿನ್ನೆ ನಾನು, ನಮ್ಮ ಶಾಸಕರು ಎಲೆಕ್ಷನ್ ಆದ ಮೇಲೆ ಈ ಬೀದಿಗೆ ತಲೆ ಹಾಕಿಲ್ಲ ಅಂದದ್ದೇ ತಡ, ಕಾಂಪೌಂಡಿಗೆ ಮೊಣಕೈ ಊರಿಯೇಬಿಟ್ಟರು.

"ಅಲ್ಲಿ ಶಾಸಕರು ಬಾಗಿಲಿಗೇ ಬರ್ತಾರೆ ಕಣ್ರೀ. ಮಗಳ ಪಕ್ಕದ ಮನೆ ಅಜ್ಜಿ ಹತ್ರ ಬಂದಿದ್ರು, ಯುರೋಪ್ ಒಕ್ಕೂಟದ ಲಿಸ್ಬನ್ ಒಪ್ಪಂದಕ್ಕೆ ಓಟಿನಲ್ಲಿ ಹೂಂ ಅನ್ನಿ ಅಂತ. ನಾನು ಬೇಲಿ ಈಚೆ ನಿಂತಿದ್ದೆ."

"ಕದ್ದು ಕೇಳಿಸ್ಕೊಂಡ್ರಿ ಅನ್ನಿ."

"ಕಿವಿಗೆ ಬಿತ್ತು ಸ್ವಾಮಿ! ಹಿಂದಿನ ವರ್ಷ ಜೂನ್‌ನಲ್ಲಿ ಜನ ಒಲ್ಲೆ ಅಂದಿದ್ರು, ಶೇಕಡಾ 53 ದಾಟಿತ್ತು. ಅದಕ್ಕೇ ಎರಡನೇ ಸಲ ಓಟು."

ಒಕ್ಕೂಟದ ಆಗಿನ 27 ದೇಶಗಳ ಪೈಕಿ ಲಿಸ್ಬನ್ ಬಗ್ಗೆ ಜನರನ್ನು ಕೇಳಿದ್ದು ಐರ್ಲೆಂಡ್ ಒಂದೇ. ರೇಮಂಡ್ ಕ್ರಾಟಿ ಎಂಬ ಅರ್ಥಶಾಸ್ತ್ರಜ್ಞ ಇಂಥ ಒಪ್ಪಂದಕ್ಕೆ ಜನರನ್ನೇ ಕೇಳಬೇಕೆಂದು ಸರ್ಕಾರದ ಮೇಲೆ ಕೇಸು ಹಾಕಿ 1987ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದ್ದರ ಫಲ ಅದು. ಅಷ್ಟು ಕಷ್ಟಪಟ್ಟು ಪಡೆದ ಓಟು. ಆಗಿನ ಪ್ರಧಾನಿ ಬ್ರಯನ್ ಕೋವನ್ ನೋಡಿದರೆ ಒಪ್ಪಂದವನ್ನು ಪೂರ್ತಿ ಓದಿಲ್ಲ ಎಂದು 2008ರ ಪ್ರಚಾರದಲ್ಲೇ ಒಪ್ಪಿಕೊಂಡಿದ್ದರು. ಓದದೆ ಪರೀಕ್ಷೆಗೆ ಕೂತವರನ್ನು ಕಂಡರೆ ಮೇಷ್ಟ್ರಿಗೆ ಇವತ್ತಿಗೂ ಸಿಟ್ಟು.

ಶಾಸಕರು ಬ್ಯಾಂಕುಗಳು ಮುಳುಗುತ್ತಿವೆ, ಯುರೋಪಿನ ಆಸರೆ ಬೇಕು ಎಂದೆಲ್ಲ ಹೇಳಿದರಂತೆ. ಅಜ್ಜಿ, ಅದಿರಲಿ, ನರ್ಸಿಂಗ್ ಹೋಮಿಗೆ ಸೇರಿಸಬೇಕಾದ ನನ್ನ ಒಂಟಿ ಅಕ್ಕನ ಮನೆ ಏನಾಗುತ್ತೆ ಹೇಳಪ್ಪ ಅಂದಳಂತೆ. ಆಗಷ್ಟೇ 'ಫೇರ್ ಡೀಲ್' ಎಂಬ ಕಾನೂನು ಬಂದಿತ್ತು. ವೃದ್ಧರ ಆದಾಯದಲ್ಲಿ ಶೇಕಡಾ 80 ಆರೈಕೆಯ ಖರ್ಚಿಗೆ. ಮನೆಯ ಬೆಲೆಯಲ್ಲಿ ವರ್ಷಕ್ಕೆ ಶೇಕಡಾ 5, ಅದೂ ಮೂರೇ ವರ್ಷ. ಬೇಕಾದರೆ ಸತ್ತ ಮೇಲೆ ವಸೂಲಿ. ಮಿಕ್ಕ ಖರ್ಚು ಸರ್ಕಾರದ್ದು. ಕೆಟ್ಟ ಲೆಕ್ಕವೇನಲ್ಲ ಅನ್ನಿಸಿತು ನನಗೆ. ಆಮೇಲೆ ಆ ಐದನ್ನು ಏಳೂವರೆ ಮಾಡಿದರು.

"ಅದಕ್ಕೆ ಓಟು ಕೇಳಿದ್ರಾ?"

"ಎಲ್ಲಿ! ಅಕ್ಟೋಬರ್ 2ಕ್ಕೆ ಲಿಸ್ಬನ್‌ಗೆ ಓಟು, ಶೇಕಡಾ 67 ಹೂಂ. ಅದೇ ತಿಂಗಳ ಕೊನೆಗೆ ಫೇರ್ ಡೀಲ್ ಜಾರಿ. ಹೂಂನೂ ಇಲ್ಲ, ಉಹೂಂನೂ ಇಲ್ಲ."

ಪೊಲೀಸರ ಕಥೆಯೂ ಅಷ್ಟೇ. ಅಲ್ಲಿನ ಗಾರ್ಡಾಗಳಲ್ಲಿ ಬಹುಪಾಲು ಜನರ ಸೊಂಟದಲ್ಲಿ ಪಿಸ್ತೂಲೇ ಇರುವುದಿಲ್ಲ. ಊರಿನವರ ಪರಿಚಯವೇ ಅವರ ಬಲ. 2009ರಿಂದ 2014ರವರೆಗೆ ಹೊಸ ನೇಮಕ ನಿಂತಿತು. 2012-13ರಲ್ಲಿ ನೂರಕ್ಕೂ ಹೆಚ್ಚು ಠಾಣೆಗಳಿಗೆ ಬೀಗ ಬಿತ್ತು, ಹೆಚ್ಚಿನವು ಹಳ್ಳಿಯವು. ಮುದುಕರು ಉಳಿದಿರುವುದೂ ಅಲ್ಲೇ. ಬ್ರಸೆಲ್ಸ್‌ಗೆ, ಅಂದರೆ ಒಕ್ಕೂಟಕ್ಕೆ, ಎಷ್ಟು ಅಧಿಕಾರ ಎಂದು ಎರಡೆರಡು ಸಲ ಕೇಳಿದವರು, ರಾತ್ರಿ ಬಾಗಿಲು ಬಡಿದ ಸದ್ದಾದರೆ ಯಾರಿಗೆ ಹೇಳೋಣ ಎಂಬುದನ್ನು ಒಮ್ಮೆಯೂ ಕೇಳಲಿಲ್ಲ.

"ನಮ್ಮ ಸಂವಿಧಾನದ ನಿರ್ದೇಶಕ ತತ್ವಗಳು ಅಲ್ಲಿಂದಲೇ ತಂದಿದ್ದು," ಅಂದರು ಮೇಷ್ಟ್ರು, ತಾವೇ ಸೂಟ್‌ಕೇಸಿನಲ್ಲಿ ಹೊತ್ತು ತಂದವರಂತೆ. "ಈ ಫೇರ್ ಡೀಲನ್ನೂ ತರಬಹುದಿತ್ತು."

"ತಂದರೆ ಮೂರು ವರ್ಷಕ್ಕೆ ನಿಮ್ಮ ಮನೆಯಲ್ಲಿ ಶೇಕಡಾ ಇಪ್ಪತ್ತೆರಡೂವರೆ ಅಂತ ಯಾವ ಭಾಗ ಬರ್ಕೊಡ್ತೀರಿ?"

ಮೇಷ್ಟ್ರು ತಿರುಗಿ ತಮ್ಮ ಮನೆಯನ್ನು ಅಳೆಯುವವರಂತೆ ನೋಡಿದರು. "ಮುಂದಿನ ರೂಮು ಕೊಡಬಹುದು. ಅಡುಗೆಮನೆ ವಿಷಯ ಅವಳನ್ನೇ ಕೇಳ್ಬೇಕು."

"ಕೇಳಿ ಮತ್ತೆ."

"ಒಲ್ಲೆ ಅಂದ್ರೆ ಎರಡನೇ ಸಲ ಕೇಳೋ ಧೈರ್ಯ ನನಗಿಲ್ಲಪ್ಪ."