ಹಿತ್ತಾಳೆ ಕಿವಿ

ಟರ್ಬೊ ಕಾರಿಗೆ ರಿಮ್ಯಾಪ್ ಮಾಡಿಸಿ ತಾಕತ್ತು ಹೆಚ್ಚಿಸಿಕೊಂಡವರು ಯದ್ವಾತದ್ವಾ ಓಡಿಸುತ್ತಾರೆಂದು ಯಾರೂ ಹೆದರಬೇಕಾಗಿಲ್ಲ. ಅವರಿಗೆ ಓಡಿಸಲು ಪುರುಸೊತ್ತೇ ಇರುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಟರ್ಬೊ ರಾಯರನ್ನೇ ನೋಡಿ. ಭಾನುವಾರ ಬೆಳಗಾದರೆ ಬೇಸ್‌ಮೆಂಟಿನಲ್ಲಿ ಬಾನೆಟ್ ಎತ್ತಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ತಮ್ಮ 1.8 ಲೀಟರ್ ಸೆಡಾನಿನ ಗ್ರಾಫ್ ನೋಡುತ್ತಾ ಕೂತಿರುತ್ತಾರೆ.

ಲಿಫ್ಟಿನಲ್ಲಿ ಸಿಕ್ಕಾಗ "ಹೇಗಿದ್ದೀರಿ ರಾಯರೇ?" ಎಂದರೆ, "ಮೂರನೇದು ನಾಲ್ಕು ಡಿಗ್ರಿ ತೋರಿಸ್ತಿದೆ ಕಣ್ರೀ" ಎನ್ನುತ್ತಾರೆ. ಹೊಸದಾಗಿ ಬಾಡಿಗೆಗೆ ಬಂದ ಅಜ್ಜಿಯೊಬ್ಬರು ಮೂರನೇ ಮಗುವಿಗೆ ಜ್ವರವೆಂದುಕೊಂಡು "ಡೋಲೊ ಕೊಟ್ರಾ?" ಎಂದು ಕೇಳಿದ್ದರು. ಪಾಪ, ಅದು ಮೂರನೇ ಸಿಲಿಂಡರು.

ರೋಗದ ಹೆಸರು ನಾಕ್. ಟರ್ಬೊ ತುರುಕಿದ ಗಾಳಿಯ ಒತ್ತಡಕ್ಕೆ, ಬಿಸಿಗೆ, ಸಿಲಿಂಡರಿನ ಮೂಲೆಯಲ್ಲಿರುವ ಪೆಟ್ರೋಲು ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆಗೆ ಕಾಯದೆ ತಾನೇ ಸಿಡಿಯುತ್ತದೆ. ವಿಪರೀತವಾದರೆ ಪಿಸ್ಟನ್ನಿಗೇ ತೂತು. ಆ ಸಿಡಿತವನ್ನು ಹಿಡಿಯಲು ಎಂಜಿನ್ ಬ್ಲಾಕಿಗೆ ಒಂದು ಸೆನ್ಸರ್ ಬಿಗಿದಿರುತ್ತಾರೆ. ರಾಯರ ಕಾರಿನಂಥ 82.5 ಮಿಲಿಮೀಟರ್ ಬೋರಿನ ಎಂಜಿನ್ನಿಗೆ ಅದು ಆರೇಳು ಕಿಲೋಹರ್ಟ್ಸ್ ಆಸುಪಾಸಿನ ಕಂಪನಕ್ಕೆ ಕಿವಿಗೊಟ್ಟಿರುತ್ತದೆ. ಕೇಳಿಸಿದರೆ ಕಂಪ್ಯೂಟರು ಹೆದರಿ ಕಿಡಿಯನ್ನು ಕೆಲವು ಡಿಗ್ರಿ ತಡ ಮಾಡುತ್ತದೆ. ಕಷ್ಟವೇನೆಂದರೆ ಇದು ಹಿತ್ತಾಳೆ ಕಿವಿ. ಇಂಜೆಕ್ಟರಿನ ಟಕಟಕ, ವಾಲ್ವಿನ ಕಿಚಕಿಚ, ಎಲ್ಲೋ ತಾಗುವ ಎಕ್ಸಾಸ್ಟ್ ಪೈಪು, ಯಾರು ಚಾಡಿ ಹೇಳಿದರೂ ನಂಬುತ್ತದೆ. ರಾಯರು ಅದನ್ನು ನಂಬುತ್ತಾರೆ.

ಗ್ರಾಫಿನಲ್ಲಿ 3,200 ಆರ್‌ಪಿಎಂ ಬಂದಾಗಲೆಲ್ಲ ಒಂದು ಗೋಪುರ ಏಳುತ್ತಿತ್ತು. ಸಾದಾ ಪೆಟ್ರೋಲ್ ಬಿಟ್ಟು 100 ಆಕ್ಟೇನಿನ ದುಬಾರಿ ಪೆಟ್ರೋಲ್ ಹಾಕಿಸಿದರು. ಗೋಪುರ ಕದಲಲಿಲ್ಲ. ನಿಜವಾದ ನಾಕ್ ಆಗಿದ್ದರೆ ಆಕ್ಟೇನ್ ಏರಿದಾಗ ತಗ್ಗಬೇಕಿತ್ತು; ಹಾಗಾಗಿ ಇದು ಬೇರೇನೋ ಎಂದು ನೀವು ನಾವು ತಿಳಿಯುತ್ತೇವೆ. ರಾಯರು ತಿಳಿದದ್ದು ಬಂಕಿನವನು ಕಲಬೆರಕೆ ಮಾಡಿದ್ದಾನೆ ಎಂದು. ಪ್ಲಗ್ ಬಿಚ್ಚಿ, ಅದರ ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿದರು. ಪಿಸ್ಟನ್ ಪೆಟ್ಟು ತಿಂದಿದ್ದರೆ ಅಲ್ಲಿ ಅಲ್ಯೂಮಿನಿಯಂ ಚುಕ್ಕಿ ಕೂತಿರುತ್ತದೆ. ಇರಲಿಲ್ಲ. "ಇನ್ನೂ ಬಂದಿಲ್ಲ" ಎಂದರು, ನೆಂಟರ ದಾರಿ ಕಾಯುವವರ ದನಿಯಲ್ಲಿ. ನ್ಯೂಟ್ರಲ್‌ನಲ್ಲಿ, ಬೂಸ್ಟಿನ ಸುಳಿವೇ ಇಲ್ಲದೆ ಬರೀ ರೇಸ್ ಮಾಡಿದರೂ ಸೆನ್ಸರಿನ ಗೆರೆ ಅದೇ 3,200ಕ್ಕೆ ಜಿಗಿಯಿತು. ಭಾರವೇ ಇಲ್ಲದ ಎಂಜಿನ್ನಿಗೆ ಎಲ್ಲಿಯ ನಾಕ್? ಇದನ್ನು ಹೇಳಿದ್ದಕ್ಕೆ "ನಿಮಗೆ ಡೇಟಾ ಓದೋಕೆ ಬರಲ್ಲ" ಎಂಬ ಸರ್ಟಿಫಿಕೇಟ್ ಸಿಕ್ಕಿತು.

ಕೊನೆಗೆ ಕಿವಿಯಾರೆ ಕೇಳಿಯೇ ಬಿಡುವುದೆಂದು ಒಂದು ಯಂತ್ರ ಮಾಡಿದರು. ತಾಮ್ರದ ಕೊಳವೆಯ ತುದಿ ಜಜ್ಜಿ, ತೂತು ಕೊರೆದು, ಬ್ಲಾಕಿಗೆ ಬೋಲ್ಟ್ ಮಾಡಿ, ಇನ್ನೊಂದು ತುದಿಗೆ ರಬ್ಬರ್ ಪೈಪು ಸಿಕ್ಕಿಸಿ, ಅದನ್ನು ಕಲ್ಲು ಕೊರೆಯುವವರು ಹಾಕಿಕೊಳ್ಳುವ ಕಿವಿಮುಚ್ಚಿಗೆಗೆ ಜೋಡಿಸಿದ್ದರು. ಟ್ಯೂನಿಂಗ್ ಬಲ್ಲವರು ನಿಜಕ್ಕೂ ಬಳಸುವ ಉಪಾಯ ಇದು. ಅವರ ತಲೆಯ ಮೇಲೆ ಇಷ್ಟು ವಿಚಿತ್ರವಾಗಿ ಕಾಣುತ್ತದೋ ಇಲ್ಲವೋ. ಆಕ್ಸಿಲರೇಟರ್ ಒತ್ತಲು ಹೆಂಡತಿಯನ್ನು ಕೂರಿಸಿದರು.

"ಮೂರು ಸಾವಿರದ ಇನ್ನೂರು. ಹಾ, ಅಲ್ಲೇ ಹಿಡಕೋ!"

"ರೀ, ಕೆಳಗಡೆ ಯಾವುದೋ ತಗಡು ಅಲ್ಲಾಡ್ತಿದೆ ರೀ."

ರಾಯರು ಕಣ್ಣುಮುಚ್ಚಿ ಎಂಜಿನ್ನಿನ ನಾಡಿ ಹಿಡಿದಿದ್ದರು. ಕಿವಿ ಮುಚ್ಚಿತ್ತು. ಆಕೆ ಇನ್ನೆರಡು ಸಲ ಹೇಳಿದರು. ಮೂರನೇ ಸಲಕ್ಕೆ ಕುಕ್ಕರ್ ನೆನಪಾಗಿ ಇಳಿದು ಹೋದರು.

ಗ್ಯಾರೇಜಿನ ಮೇಸ್ತ್ರಿ ಕಾರಿನಡಿ ತೂರಿ ಎಕ್ಸಾಸ್ಟಿನ ಹೀಟ್ ಶೀಲ್ಡಿಗೆ ಗುದ್ದಿದ. ಠಣ್ ಎಂದಿತು. ಸ್ಕ್ರೂ ತುಕ್ಕು ಹಿಡಿದು ಉದುರಿಹೋಗಿತ್ತು. ಒಂದು ಕ್ಲಾಂಪ್ ಬಿಗಿದು ನೂರೈವತ್ತು ರೂಪಾಯಿ ಕೇಳಿದ.

"ಲಾಗ್ ನೋಡಲ್ವೇನಪ್ಪಾ?" ಎಂದರು ರಾಯರು. ಇಷ್ಟು ತಿಂಗಳ ಕಾಯಿಲೆಗೆ ಇಷ್ಟೇ ಚಿಕಿತ್ಸೆಯೆಂದರೆ ಅವಮಾನವಲ್ಲವೇ.

"ಏನ್ ಸಾರ್ ನೋಡೋದು, ತಗಡು."

ಗೋಪುರ ಮಾಯವಾಯಿತು. ಎರಡು ದಿನ ರಾಯರು ಮಾತಾಡಲಿಲ್ಲ. ಮೂರನೆಯ ದಿನ ಸಣ್ಣ ಸುತ್ತಿಗೆ ಹಿಡಿದು ನಮ್ಮ ಬಾಗಿಲು ತಟ್ಟಿದರು. "ಸೊನ್ನೆ ಬರ್ತಿದೆ ಕಣ್ರೀ. ಎಲ್ಲಾದ್ರೂ ಸೊನ್ನೆ ಬರುತ್ತಾ? ಸೆನ್ಸರ್ರೇ ಹೋಗಿರಬೇಕು. ಇಲ್ಲಾ ಅದರ ಬೋಲ್ಟು 20 ನ್ಯೂಟನ್ ಮೀಟರ್ ಬಿಗಿ ಇಲ್ಲ. ಸ್ವಲ್ಪ ಬನ್ನಿ, ನಾನು ಬ್ಲಾಕ್ ತಟ್ತೀನಿ, ನೀವು ಗೆರೆ ನೋಡಿ."

ತಟ್ಟಿದರು. ಗೆರೆ ಟಣ್ಣನೆ ಹಾರಿತು. ಸೆನ್ಸರ್ ಗಟ್ಟಿಮುಟ್ಟಾಗಿದೆ ಎಂದೆ.

ರಾಯರು ಪರದೆಯ ಹತ್ತಿರ ಬಗ್ಗಿದರು. "ಸ್ವಲ್ಪ ಜಾಸ್ತೀನೇ ಹಾರ್ತಲ್ವಾ?"