ಕೆಂಪು ನಕ್ಷತ್ರದ ಸಾಹೇಬರಿಗೆ

ಇಂದ: ದೋರನಹಳ್ಳಿಯ ಒಬ್ಬ ನಿವಾಸಿ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ
ಗೆ: ವಿಳಾಸ ಪರಿಶೀಲಿಸುವ ತಂತ್ರಾಂಶ ಸಾಹೇಬರು

ಮಾನ್ಯರೇ,

ನಿಮ್ಮ ವಿಳಾಸ ಎಲ್ಲೂ ಸಿಗಲಿಲ್ಲ. ಮನೆ ನಂಬರಿಲ್ಲ, ಬೀದಿಯಿಲ್ಲ, ಪಿನ್‌ಕೋಡಿಲ್ಲ. ಹೀಗಾಗಿ ಬಹಿರಂಗ ಪತ್ರವೇ ಗತಿಯಾಯಿತು. ನಿಮ್ಮ ನಿಯಮದ ಪ್ರಕಾರ ನೀವು ಅಸ್ತಿತ್ವದಲ್ಲೇ ಇಲ್ಲ ಎನ್ನಬೇಕು. ನಮ್ಮ ಕಡೆ ಯಾರಿಗೂ ಅಷ್ಟು ಬಿರುಸಾಗಿ ಹೇಳುವ ರೂಢಿಯಿಲ್ಲ.

ಮೊದಲು ಅಭಿನಂದನೆ. ಬ್ಯಾಂಕಿನ ಅರ್ಜಿಯಿರಲಿ, ಪರೀಕ್ಷೆಯದಿರಲಿ, ಸೀರೆ ತರಿಸುವುದಿರಲಿ, ಪ್ರತಿ ಖಾನೆಯ ಪಕ್ಕದಲ್ಲಿ ಒಂದು ಕೆಂಪು ನಕ್ಷತ್ರ ಇಟ್ಟು ಕಾಯುತ್ತೀರಿ. ಮನೆ ನಂಬರ್ ಕಡ್ಡಾಯ, ಬೀದಿ ಕಡ್ಡಾಯ. ನಮ್ಮ ಮನೆಗಳಿಗೆ ನಂಬರೇ ಇಲ್ಲ ಅಂತಲ್ಲ. ಪಂಚಾಯಿತಿಯವರು ಕೊಟ್ಟಿದ್ದಾರೆ, ಕರ ಕಟ್ಟುವ ದಿನ ಹಳೆಯ ರಸೀದಿ ಹುಡುಕಿದರೆ ಸಿಗುತ್ತದೆ. ಇ-ಸ್ವತ್ತು ಬಂದ ಮೇಲೆ ಅದು ಬಾಯಿಪಾಠಕ್ಕೆ ಒಗ್ಗದಷ್ಟು ಉದ್ದವಾಗಿದೆ. ಬೀದಿ ಯಾವುದು ಎಂದಿರಿ. ‘ಅಗಸಿ ಒಳಗೆ, ಹಣಮಂದೇವರ ಗುಡಿ ಹಿಂದೆ’ ಎಂದು ಬರೆದೆವು. ‘ಅಮಾನ್ಯ’ ಎಂದಿರಿ. ಬೇಸತ್ತು ಎರಡೂ ಖಾನೆಯಲ್ಲಿ ‘1’ ಒತ್ತಿದೆವು, ಕೂಡಲೇ ಹಸಿರು ಗುರುತು ಬಂತು! ಅಂದಿನಿಂದ ಊರಿಗೆ ಊರೇ ಒಂದನೇ ಬೀದಿಯ ಒಂದನೇ ನಂಬರ್ ಮನೆಯಲ್ಲಿ ಕೂಡಿ ಬಾಳುತ್ತಿದ್ದೇವೆ. ಅವಿಭಕ್ತ ಕುಟುಂಬಗಳು ಒಡೆದುಹೋದವು ಎಂದು ಮರುಗುವವರಿಗೆ ನಿಮ್ಮ ಕಡತ ತೋರಿಸಬೇಕು.

ಇನ್ನು ನೀವು ಮಾಡುವ ತಿದ್ದುಪಡಿ. ಕರ್ನಾಟಕದಲ್ಲಿ ಇನ್ನೊಂದು ದೋರನಹಳ್ಳಿಯಿದೆ. ಮೈಸೂರು ಜಿಲ್ಲೆಯ ಕೃಷ್ಣರಾಜನಗರದ ಕಡೆ, ಪಡುವಾದ ಸಂತ ಅಂತೋಣಿಯವರ ಬಸಿಲಿಕಾ ಇರುವ ಊರು ಅದು. ಜೂನ್ 13ರ ಹಬ್ಬಕ್ಕೆ ಅಲ್ಲಿ ಜನವೋ ಜನ. ಹೆಸರಾದ ಊರು, ಹುಡುಕಿದರೆ ಅದೇ ಮುಂದೆ ಬಂದು ನಿಲ್ಲುತ್ತದೆ. ನಾವು ಶಹಾಪುರ ತಾಲ್ಲೂಕು ಎಂದು ಸ್ಪಷ್ಟವಾಗಿ ಬರೆದು, 585ರಿಂದ ಶುರುವಾಗುವ ಪಿನ್ ಹಾಕಿದರೂ ನೀವು ಬಲು ವಿನಯದಿಂದ ಅದನ್ನು ಅಳಿಸಿ 571ರದ್ದು ತುಂಬಿಬಿಡುತ್ತೀರಿ. ಕೃಷ್ಣಾ–ಭೀಮಾ ಸೀಮೆಗೆ ಬರಬೇಕಾದ ಪಾರ್ಸೆಲ್ ಕಾವೇರಿ ಸೀಮೆಗೆ ಯಾತ್ರೆ ಹೊರಡುತ್ತದೆ. ಕಳೆದುಹೋದ ವಸ್ತು ಸಿಗಲಿ ಎಂದು ಕ್ಯಾಥೊಲಿಕರು ಮೊರೆಯಿಡುವುದು ಇದೇ ಅಂತೋಣಿಯವರಿಗೆ. ಪತ್ರಕ್ಕೆ ಅವರೇ ದಾರಿ ತೋರಿಸಲಿ ಎಂದು ಲಕೋಟೆಯ ಮೇಲೆ ಮೂರಕ್ಷರ ಬರೆಯುವ ಪದ್ಧತಿಯೂ ಕ್ಯಾಥೊಲಿಕರಲ್ಲಿತ್ತು. ಕಳೆಯುವುದಂತೂ ಖಚಿತ, ಹುಡುಕಿಕೊಡುವವರ ಬಾಗಿಲಲ್ಲೇ ಕಳೆಯೋಣ ಎಂಬ ನಿಮ್ಮ ದೂರದೃಷ್ಟಿಯನ್ನು ಮೆಚ್ಚಲೇಬೇಕು.

ಈ ತಾಪತ್ರಯ ತಪ್ಪಿಸಲೆಂದೇ ಪಿನ್‌ಕೋಡ್ ಹುಟ್ಟಿದ್ದು ಎಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಒಂದೇ ಹೆಸರಿನ ಹಲವು ಊರು, ಹತ್ತಾರು ಲಿಪಿ, ಅರೆಬರೆ ವಿಳಾಸ. ಇವುಗಳ ಗೊಂದಲ ಬಿಡಿಸಲು ಸಂಪರ್ಕ ಖಾತೆಯ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್ (ಇವರು ಸಂಸ್ಕೃತ ಕವಿಯೂ ಹೌದು) ರೂಪಿಸಿದ ಆರಂಕಿಯ ಪದ್ಧತಿ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಮೊದಲಂಕಿ ವಲಯಕ್ಕೆ, ಎರಡನೆಯದು ಉಪವಲಯಕ್ಕೆ, ಮೂರನೆಯದು ವಿಂಗಡಣೆಯ ಜಿಲ್ಲೆಗೆ, ಉಳಿದ ಮೂರು ಅಂಚೆ ಕಚೇರಿಗೆ. 585 ಕಂಡರೆ ಚೀಲ ಕಲಬುರಗಿ, ಬೀದರ್, ಯಾದಗಿರಿ ಕಡೆ ಹೋಗಬೇಕು, ಅಷ್ಟೇ. ಹೆಸರು ಎಡವಿದರೆ ಅಂಕಿ ಹಿಡಿಯಲಿ ಎಂಬುದು ಅವರ ಲೆಕ್ಕ. ನೀವು ಹೆಸರನ್ನು ನಂಬಿ ಅಂಕಿಯನ್ನೇ ಕೆಡವಿದಿರಿ.

ನಿಮ್ಮದೂ ಪೂರ್ತಿ ತಪ್ಪಲ್ಲ ಬಿಡಿ, ನೀವು ಬೆಳೆದ ವಾತಾವರಣ ಹಾಗಿದೆ. ಬ್ರಿಟನ್ನಿನಲ್ಲಿ ಒಂದು ಪೋಸ್ಟ್‌ಕೋಡಿಗೆ ಸರಾಸರಿ 15 ಮನೆಗಳಂತೆ. ಕೋಡ್ ಸಿಕ್ಕರೆ ಬೀದಿ ಸಿಕ್ಕಿತು. ನಮ್ಮ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿದ್ದರೂ ಪಿನ್‌ಕೋಡುಗಳು 19 ಸಾವಿರದ ಆಸುಪಾಸು. ಪಿನ್ ತೋರಿಸುವುದು ಬಟವಾಡೆಯ ಅಂಚೆ ಕಚೇರಿಯನ್ನು. ಅದರಡಿ ಹಲವು ಶಾಖಾ ಕಚೇರಿ, ಅವುಗಳಡಿ ಹಳ್ಳಿ, ದೊಡ್ಡಿ, ತಾಂಡಾ. ಅಲ್ಲಿಂದ ಮುಂದಿನದು ಗ್ರಾಮೀಣ ಡಾಕ್ ಸೇವಕರ ತಲೆಯೊಳಗಿನ ನಕ್ಷೆ. ಓಣಿಗೆ ಮೂವರು ಭೀಮರಾಯರಿರುವ ಕಡೆ ‘ಕಿರಾಣಿ ಅಂಗಡಿ ಭೀಮರಾಯ’ ಎಂದು ಬರೆದರೆ ಪತ್ರ ನೆಟ್ಟಗೆ ಅಂಗಡಿಗೆ ಹೋಗುತ್ತದೆ. ‘ಕಿರಾಣಿ ಅಂಗಡಿ’ ಎಂಬುದನ್ನೇ ನೀವು ಹೆಚ್ಚುವರಿ ಮಾತೆಂದು ಕತ್ತರಿಸುತ್ತೀರಿ. ಉಳಿದ ಭೀಮರಾಯ ಮೂರೂ ಮನೆಗೆ ಸಲ್ಲುತ್ತಾನೆ.

ಪ್ರಮಾಣಿತ ಹೆಸರು ಬೇಕು ಎನ್ನುತ್ತೀರಿ. ಕೊಡೋಣ, ಯಾವ ವರ್ಷದ್ದು ಬೇಕು ಹೇಳಿ. ನಿಜಾಮರ ಕಾಲದಲ್ಲಿ ನಾವು ಹೈದರಾಬಾದ್ ಸಂಸ್ಥಾನದವರು, ಅದಕ್ಕೆ ತನ್ನದೇ ಅಂಚೆ, ತನ್ನದೇ ಅಂಚೆಚೀಟಿ. 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. ಜಿಲ್ಲೆ ಗುಲಬರ್ಗಾ ಇದ್ದದ್ದು 2009ರ ಕೊನೆಗೆ ಯಾದಗಿರಿಯಾಯಿತು. ಬಿಟ್ಟುಬಂದ ಗುಲಬರ್ಗಾ 2014ರಲ್ಲಿ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಇಷ್ಟೆಲ್ಲ ಊರು ಸುತ್ತಿದರೂ ಮನೆ ಒಂದು ಗೇಣೂ ಕದಲಿಲ್ಲ. ನಿಮ್ಮ ಪಟ್ಟಿಗಳಲ್ಲಿ ಒಂದು ನಮ್ಮನ್ನು ಇನ್ನೂ ಗುಲಬರ್ಗಾದಲ್ಲಿ ಇಟ್ಟುಕೊಂಡಿದೆ, ಇನ್ನೊಂದು ಯಾದಗಿರಿ ಬೇರೆ, ಯಾದಗೀರ್ ಬೇರೆ ಎನ್ನುತ್ತದೆ. ಪಕ್ಕದ ಸುರಪುರ ಶೋರಾಪುರವಾಗಿ ಎರಡು ಜನ್ಮ ಎತ್ತಿದೆ. ಶಹಾಪುರ ಎಂದರೆ ಬೆಳಗಾವಿಯಲ್ಲೂ ಒಂದಿದೆ, ಠಾಣೆ ಜಿಲ್ಲೆಯಲ್ಲೂ ಒಂದಿದೆ. ಅವರ ಪಾರ್ಸೆಲ್ ನಮಗೆ ಯಾಕೆ ಬರುವುದಿಲ್ಲವೋ, ಅದೊಂದು ಬೇಸರ.

ಹಳೆಯದಕ್ಕೆ ಜೋತುಬಿದ್ದವನು ಎಂದುಕೊಳ್ಳಬೇಡಿ. 2025ರ ಮೇ 27ರಂದು ಅಂಚೆ ಇಲಾಖೆ ಡಿಜಿಪಿನ್ ತಂದಾಗ ನನಗೆ ಖುಷಿಯೇ ಆಯಿತು. ಹೈದರಾಬಾದಿನ ಐಐಟಿ ಮತ್ತು ಇಸ್ರೋದ ದೂರಸಂವೇದಿ ಕೇಂದ್ರದ ಜತೆ ಸೇರಿ ಇಡೀ ದೇಶವನ್ನು ಹೆಚ್ಚುಕಡಿಮೆ ನಾಲ್ಕು ಮೀಟರಿನ ಚೌಕಗಳಾಗಿ ಹಂಚಿ, ಪ್ರತಿ ಚೌಕಕ್ಕೂ ಹತ್ತು ಅಕ್ಷರ–ಅಂಕಿಗಳ ಗುರುತು ಕೊಟ್ಟಿದ್ದಾರೆ. ಹೊಲದ ಮನೆಗೆ ಆಂಬುಲೆನ್ಸ್ ಕರೆಯಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ದಾಖಲೆಯಲ್ಲಿ ಊರೇ ಅಲ್ಲದೆ ಬದುಕಿದ ತಾಂಡಾಗಳು ನಮ್ಮ ಭಾಗದಲ್ಲಿ ಎಷ್ಟಿದ್ದವು! ಅವುಗಳನ್ನು ಕಂದಾಯ ಗ್ರಾಮ ಮಾಡಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದ್ದು 2023ರ ಜನವರಿಯಲ್ಲಿ, ಮಳಖೇಡದಲ್ಲಿ. ಅಂಥವರಿಗೆ ಬೀದಿ ಹೆಸರು ಕೇಳದ ಗುರುತು ಸಿಕ್ಕರೆ ಒಳ್ಳೆಯದೇ. ಆದರೆ ಚೌಕ ಜಾಗ ಹೇಳುತ್ತದೆ, ಜನರನ್ನು ಹೇಳುವುದಿಲ್ಲ. ಬೀಗ ಹಾಕಿ ಬೆಂಗಳೂರಿಗೋ ಪುಣೆಗೋ ಗುಳೆ ಹೋದವರ ಕಾಗದವನ್ನು ಮಗ್ಗುಲ ಮನೆಯ ದೊಡ್ಡವ್ವನ ಕೈಗೆ ಕೊಟ್ಟರೆ ತಲುಪುತ್ತದೆ ಎಂಬುದು ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ನಮ್ಮ ಅಂಚೆಯವರಿಗೆ ಕಾಣುತ್ತದೆ.

ಆದ್ದರಿಂದ ಅರಿಕೆ. ಪಿನ್ನಿಗೂ ಊರಿಗೂ ತಾಳೆಯಾಗದಿದ್ದರೆ ತಿದ್ದಬೇಡಿ, ಕೇಳಿ. ಎರಡು ದೋರನಹಳ್ಳಿಗಳನ್ನೂ ತಾಲ್ಲೂಕು, ಜಿಲ್ಲೆ ಸಮೇತ ತೋರಿಸಿದರೆ ನಮ್ಮದನ್ನು ನಾವೇ ಆರಿಸಿಕೊಳ್ಳುತ್ತೇವೆ. ಒಂದೇ ಊರಿನ ಹಳೆಯ ಹೊಸ ಹೆಸರುಗಳನ್ನು ಒಂದೇ ಎಂದು ಬರೆದಿಟ್ಟುಕೊಳ್ಳಿ. ‘ಮನೆ ನಂಬರ್ ಗೊತ್ತಿಲ್ಲ’ ಎನ್ನಲು ಒಂದು ಖಾನೆ ಕೊಡಿ, ಸುಳ್ಳು ಬರೆಯುವುದು ತಪ್ಪಲಿ. ಕೊನೆಗೆ, ನೀವು ಶುದ್ಧ ಮಾಡಿದ ವಿಳಾಸದ ಕೆಳಗೆ ನಾವು ಬರೆದದ್ದನ್ನೂ ಇದ್ದ ಹಾಗೆ, ಕನ್ನಡದಲ್ಲಿ ಬರೆದಿದ್ದರೆ ಕನ್ನಡದಲ್ಲೇ, ಪಾರ್ಸೆಲ್ ಮೇಲೆ ಅಚ್ಚು ಹಾಕಿ. ಅದನ್ನು ಓದಿ ಮನೆ ಮುಟ್ಟಿಸುವವರು ನೀವಲ್ಲ.

ಇಂತಿ,
ಶಹಾಪುರ ತಾಲ್ಲೂಕಿನ ದೋರನಹಳ್ಳಿಯವ